ಒಂದು ತೋಳಿನಷ್ಟು ದೂರ

ಹಾರುತ್ತಿರುವ ವಿಮಾನವನ್ನು, ಕೋಟಿನ ಒಂದು ತೋಳು ಹೊಲಿದು ಮುಗಿಯುವವರೆಗೆ, ಆಕಾಶದಲ್ಲೇ ತಡೆದು ನಿಲ್ಲಿಸಿದ ದರ್ಜಿ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅದು ನಾನು. ಕೆಳಗೆ ಸಮುದ್ರ, ಮೇಲೆ ಸೂರ್ಯ, ನಡುವೆ ಮುನ್ನೂರು ಜನ, ನನ್ನ ಹಲ್ಲಿನ ನಡುವೆ ದಾರ. "ಸ್ವಲ್ಪ ತಡಿಯಪ್ಪ, ಇನ್ನೊಂದು ಗೇಣು ಬಾಕಿ ಇದೆ" ಅಂದೆ. ಬಸ್ಸಿನ ಕಂಡಕ್ಟರ್ ಸೀಟಿ ಊದಿದರೆ ಬಸ್ಸು ನಿಲ್ಲುವುದಿಲ್ಲವೇ, ಹಾಗೆ ನಿಂತಿತು. ಪಕ್ಕದಲ್ಲಿ ಹಾರುತ್ತಿದ್ದ ಹಕ್ಕಿಗಳು ಕೂಡ ನಿಂತು ನೋಡಿದವು.

ನಂಬದವರು ನಂಬಬೇಡಿ. ನನ್ನ ಗಿರಾಕಿಗಳೂ ನಂಬುವುದಿಲ್ಲ. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡ, ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಾದ ಅಂಗಡಿ ನನ್ನದು. ಎರಡು ಮೆಷಿನ್, ಒಂದು ಇಸ್ತ್ರಿ ಮೇಜು, ತಲೆಯಿಲ್ಲದ ಒಂದು ಮರದ ಬೊಂಬೆ, ಬಾಯಿ ಮುಚ್ಚದ ನಾನು. ಮೂಲೆಯ ಸ್ಟೂಲಿನ ಮೇಲೆ ಕೂತು ಕಾಜಾ ಹೊಲಿಯುವ ನನ್ನ ಹೆಂಡತಿ. ಅವಳ ಕಾಜಾ ಎಷ್ಟು ನಯವೆಂದರೆ ಗುಂಡಿಗಳು ತಾವಾಗಿಯೇ ಓಡಿ ಬಂದು ಅದರೊಳಗೆ ಕೂರುತ್ತವೆ. ಇದು ಉತ್ಪ್ರೇಕ್ಷೆಯಲ್ಲ. ನಾನು ಉತ್ಪ್ರೇಕ್ಷೆ ಮಾಡಿದ್ದನ್ನು ಕಂಡವರು ಈ ಹದಿನಾಲ್ಕು ಲೋಕದಲ್ಲಿ ಯಾರೂ ಇಲ್ಲ.

ಬೀದಿಯವರೆಲ್ಲ ನನ್ನನ್ನು 'ನಾಳೆ' ಎಂದು ಕರೆಯುತ್ತಾರೆ. ಎಲ್ಲರಿಗಿಂತ ನಾನು ಒಂದು ದಿನ ಮುಂದೆ ಇರುವುದರಿಂದ ಆ ಹೆಸರು ಬಂದಿದೆ. ಹೆಂಡತಿಯ ಅಭಿಪ್ರಾಯ ಬೇರೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾರೆ ಅಂತ ಗಾದೆ ಇದೆ. ನಮ್ಮ ಅಂಗಡೀಲಿ ಕೊಟ್ಟರೆ ಕೂಸು ಮೀಸೆ ಬೋಳಿಸೋ ಹೊತ್ತಿಗೆ ಕುಲಾವಿ ಸಿಗುತ್ತೆ" ಅನ್ನುತ್ತಾಳೆ. ಹೆಂಗಸರ ಮಾತು. ಕಿವಿಗೆ ಹಾಕಿಕೊಳ್ಳಬಾರದು. ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನನಗೆ ಒಬ್ಬಳೇ ಅಕ್ಕ. ಅಮ್ಮನ ಕಣ್ಣು ಮಂಜಾದ ಮೇಲೆ ಮನೆಯ ಮೆಷಿನ್ ಅಕ್ಕನ ಕಾಲಿಗೆ ಬಂತು. ನಾನು ಆಗ ಆ ಮೆಷಿನ್ನಿನ ಕೆಳಗೆ ಕೂತು ಪೆಡಲ್ಲಿಗೆ ಅಡ್ಡವಾಗುವಷ್ಟು ಚಿಕ್ಕವನು. ನನ್ನ ಶಾಲೆಯ ಚಡ್ಡಿ ಹೊಲಿದವಳು ಅವಳು, ನನ್ನ ಮದುವೆಯ ಸೂಟು ಹೊಲಿದವಳು ಅವಳು, ನನ್ನ ಹೆಂಡತಿಯ ಮದುವೆಯ ಬಟ್ಟೆ ಹೊಲಿದವಳೂ ಅವಳೇ. ಸೂಜಿಗೆ ದಾರ ಪೋಣಿಸುವುದನ್ನು ನನಗೆ ಕಲಿಸಿ, ನನ್ನ ಕಾಲು ಪೆಡಲ್ಲಿಗೆ ಎಟುಕಿದ ಮೇಲೆ ಮೆಷಿನ್ ನನಗೆ ಬಿಟ್ಟು, ನನ್ನ ಮದುವೆಯನ್ನೂ ಮುಗಿಸಿ, ಸಮುದ್ರ ದಾಟಿ ಬೇರೆ ದೇಶಕ್ಕೆ ಕೆಲಸಕ್ಕೆ ಹೋದಳು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಕೋಣೆ ಅವಳದು. ಪೈಲಟ್‌ಗಳ ಭುಜದ ಪಟ್ಟಿ, ಗಗನಸಖಿಯರ ಝಿಪ್ಪು, ಸಾಮಾನು ಹೊರುವವರ ಹರಿದ ಮಂಡಿ, ಎಲ್ಲ ಅವಳ ಕೈ ಮೇಲೆಯೇ ಹೋಗಬೇಕು. ಅವಳು ಒಂದು ದಿನ ರಜೆ ಹಾಕಿದರೆ ಆ ದೇಶದ ವಿಮಾನಗಳೆಲ್ಲ ಬೆತ್ತಲೆಯಾಗಿ ಹಾರಬೇಕಾಗುತ್ತದೆ.

ಒಂದು ದಿನ ಅವಳ ಫೋನ್ ಬಂತು.

"ಲೇ ನಾಳೆ, ಏನ್ ಮಾಡ್ತಿದ್ದೀಯ?"

"ಹೊಲೀತಾ ಇದ್ದೀನಿ ಅಕ್ಕ. ಪುರುಸೊತ್ತೇ ಇಲ್ಲ."

"ಸುಳ್ಳು. ಮೆಷಿನ್ ಸದ್ದೇ ಇಲ್ಲ. ಕೂತ್ಕೋ, ಒಂದು ವಿಷಯ ಹೇಳ್ತೀನಿ. ನಾನು ಮದುವೆ ಆಗ್ತಿದ್ದೀನಿ."

ನಾನು ಕೂತೆ. ಅಲ್ಲಿ ಕುರ್ಚಿ ಇರಲಿಲ್ಲ. ಆದರೂ ಕೂತೆ.

ಅಕ್ಕನಿಗೆ ಐವತ್ತಾರು. ಗಂಡಿಗೆ ಅವಳಿಗಿಂತ ಎರಡು ವರ್ಷ ಹೆಚ್ಚು. ಅದೇ ನಿಲ್ದಾಣದ ಎತ್ತರದ ಗೋಪುರದಲ್ಲಿ ಕೂತು ವಿಮಾನಗಳಿಗೆ "ನೀನು ಇಳಿ, ನೀನು ತಡಿ" ಎನ್ನುವ ಕೆಲಸ ಅವನದು. ಪೆನ್ನು ಚುಚ್ಚಿ ಜೇಬು ಹರಿದಿದೆ ಎಂದು ಅಕ್ಕನ ಕೋಣೆಗೆ ಬಂದನಂತೆ. ಹೊಲಿದುಕೊಟ್ಟಳು. ಮುಂದಿನ ವಾರ ಅದೇ ಜೇಬು ಮತ್ತೆ ಹರಿಯಿತು. ಅದರ ಮುಂದಿನ ವಾರ ಮತ್ತೆ.

"ಮೂರನೇ ಸಲ ಕನ್ನಡಕ ಹಾಕ್ಕೊಂಡು ನೋಡಿದೆ ಕಣೋ" ಎಂದಳು ಅಕ್ಕ. "ಹರಿದಿದ್ದಲ್ಲ, ಕತ್ತರೀಲಿ ಕತ್ತರಿಸಿದ್ದು. ನೆಟ್ಟಗೆ ಕತ್ತರಿಸೋಕೂ ಬಂದಿಲ್ಲ ಪಾಪ. ಇಂಥವನನ್ನ ಹಾಗೇ ಬಿಟ್ಟರೆ ಇರೋ ಬಟ್ಟೆ ಎಲ್ಲ ಹಾಳು ಮಾಡ್ಕೋತಾನೆ ಅಂತ ಒಪ್ಕೊಂಡೆ."

ನಾನು ನಕ್ಕೆ, ಹೆಂಡತಿ ಫೋನಿಗೆ ಕಿವಿ ಹಚ್ಚಿ ನಕ್ಕಳು, ಬೀಗದ ಕೈಯವನು ವಿಷಯ ಏನೆಂದು ತಿಳಿಯದೆಯೇ ನಕ್ಕ. ಆಮೇಲೆ ಅಕ್ಕನ ಧ್ವನಿ ಸ್ವಲ್ಪ ಇಳಿಯಿತು.

"ನಂಗೊಂದು ಕೋಟು ಬೇಕು. ಕಡುನೀಲಿ. ನೋಂದಣಿ ಕಚೇರೀಲಿ ಸಹಿ ಹಾಕೋವಾಗ ಹಾಕ್ಕೊಳ್ಳೋಕೆ. ನೀನೇ ಹೊಲೀಬೇಕು. ನೋಡು, ಹುಟ್ಟಿದಾಗಿಂದ ನನ್ನ ಮೈಮೇಲಿನ ಬಟ್ಟೆ ಎಲ್ಲಾ ನಾನೇ ಹೊಲಿದಿದ್ದು. ಊರಿನವರದ್ದೂ ನಾನೇ. ಮದುವೆ ದಿನ ಒಂದಾದರೂ ಬಟ್ಟೆ, ನನ್ನ ಕೈ ತಾಗದೇ ಇರೋದು, ಯಾರೋ ನನಗೋಸ್ಕರ ಕೂತು ಹೊಲಿದಿದ್ದು, ಇರಲಿ ಅಂತ ಆಸೆ. ಆಗುತ್ತಾ?"

"ಆಗುತ್ತಾ ಅಂತ ಕೇಳ್ತೀಯಲ್ಲ! ಮೂರು ದಿನದಲ್ಲಿ ರೆಡಿ. ನಾಲ್ಕನೇ ದಿನ ನೀನು ಹಾಕ್ಕೊಂಡು ತಿರುಗಾಡ್ತಿರ್ತೀಯ."

ಎರಡು ತಿಂಗಳು ಕಳೆಯಿತು. ಬಟ್ಟೆ ಕತ್ತರಿಸಿ ಇಟ್ಟಿದ್ದೆ. ಅಷ್ಟೆ. ಅಕ್ಕ ಫೋನ್ ಮಾಡಿದಾಗಲೆಲ್ಲ "ಕಾಲರ್ ಕೂತಿದೆ ನೋಡು, ರಾಜನ ಕುತ್ತಿಗೆಗೂ ಹಾಗೆ ಕೂರಲ್ಲ" ಎನ್ನುತ್ತಿದ್ದೆ. ಕಾಲರ್ ಆಗ ಇಸ್ತ್ರಿ ಮೇಜಿನ ಕೆಳಗೆ ಸುರುಳಿ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಹೊರಡುವ ದಿನವನ್ನು ಎರಡು ಸಲ ಮುಂದೆ ಹಾಕಿದೆ. ಕೊನೆಗೆ ಉಳಿದದ್ದು ಮದುವೆಯ ದಿನ ಬೆಳಗ್ಗೆ ಹೊರಡುವ ವಿಮಾನ ಒಂದೇ. ಕಚೇರಿಯವರು ಕೊಟ್ಟದ್ದು ಅದೊಂದೇ ದಿನ, ಬದಲಾಯಿಸುವ ಹಾಗಿಲ್ಲ.

"ನೀನು ಇಳಿದ ಒಂದೂವರೆ ಗಂಟೆಗೆ ಸಹಿ" ಎಂದಳು ಅಕ್ಕ. "ಕೋಟು ತಂದು ಕೈಗೆ ಕೊಡ್ತೀಯ, ನಾನು ಹಾಕ್ಕೋತೀನಿ, ಸಹಿ ಹಾಕ್ತೀನಿ. ರೆಡಿ ಇದೆ ತಾನೆ?"

"ಇಸ್ತ್ರಿ ಬಿಸಿ ಆರಿಲ್ಲ ಇನ್ನೂ."

ಹೊರಡುವ ಹಿಂದಿನ ದಿನದ ಹೊತ್ತಿಗೆ ಕೋಟಿನ ಮೈ ಮೆಷಿನ್ನಿನಲ್ಲಿ ಮುಗಿದಿತ್ತು, ಹೆಂಡತಿ ಕಾಜಾ ಮುಗಿಸಿದ್ದಳು. ಎರಡು ತೋಳು, ಕಾಲರಿನ ಒಳಭಾಗ, ಲೈನಿಂಗಿನ ಅಂಚು ಬಾಕಿ. ಎಲ್ಲ ಕೈಹೊಲಿಗೆಯ ಕೆಲಸ. ನಾನು ಟಿಕೆಟ್ ತೆಗೆದು ನೋಡಿದೆ. ಹೊರಡುವುದು ಬೆಳಗ್ಗೆ ಒಂಬತ್ತಕ್ಕೆ, ಸೇರುವುದು ಸಂಜೆ ನಾಲ್ಕೂವರೆಗೆ.

"ನೋಡೇ" ಎಂದೆ ಹೆಂಡತಿಗೆ. "ಏಳೂವರೆ ಗಂಟೆ! ಗಿರಾಕಿ ಇಲ್ಲ, ಫೋನ್ ಇಲ್ಲ, ಬೀಗದ ಕೈಯವನ ಹರಟೆ ಇಲ್ಲ. ಏಳೂವರೆ ಗಂಟೇಲಿ ನಾನು ಒಂದು ಕೋಟಲ್ಲ, ವಿಮಾನಕ್ಕೇ ಒಂದು ಕೋಟು ಹೊಲೀತೀನಿ."

"ರೀ, ಅಷ್ಟು ಹೊತ್ತು ಹಿಡಿಯುತ್ತಾ? ಅತ್ತಿಗೆ ಊರು ಅಷ್ಟು ದೂರ ಅನ್ಸಲ್ಲಪ್ಪ. ಅಲ್ಲಿನ ಗಡಿಯಾರ ಬೇರೆ ಅಲ್ವಾ?"

ಗಡಿಯಾರ ಬೇರೆ ಎಂದು ನನಗೆ ಗೊತ್ತಿಲ್ಲವೇ? ಅಕ್ಕ ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಇನ್ನೂ ಸಂಜೆಯ ಬೆಳಕಿರುತ್ತದೆ. ಆದರೆ ಟಿಕೆಟ್ಟು ಒಂದೇ ಹಾಳೆ. ಭುಜವನ್ನು ಒಂದು ಟೇಪಿನಲ್ಲೂ ಮಣಿಕಟ್ಟನ್ನು ಇನ್ನೊಂದು ಟೇಪಿನಲ್ಲೂ ಅಳೆಯುವ ದರ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ? ಅಂಥ ಅಂಗಿ ಯಾರ ಮೈಗೆ ಹಿಡಿಸೀತು? ಹೊರಡುವುದನ್ನು ನಮ್ಮ ಗಡಿಯಾರದಲ್ಲಿ ಹೇಳಿದ ಮೇಲೆ ಸೇರುವುದನ್ನೂ ನಮ್ಮ ಗಡಿಯಾರದಲ್ಲೇ ಹೇಳಿರಬೇಕು. ಇದು ತರ್ಕ. ಸಾಲದ್ದಕ್ಕೆ ಔಷಧಿ ಅಂಗಡಿಯ ಗೋಡೆಯ ನಕ್ಷೆಯ ಮೇಲೆ ಟೇಪು ಇಟ್ಟು ಎಳೆದೆ. ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಸರಿಯಾಗಿ ಒಂದು ಗೇಣು, ಎರಡು ಬೆರಳು.

"ಒಂದು ಗೇಣಿಗೆ ಏಳು ಗಂಟೆ, ಎರಡು ಬೆರಳಿಗೆ ಅರ್ಧ ಗಂಟೆ. ಲೆಕ್ಕ ಸರಿ ಹೋಯ್ತು" ಎಂದೆ. ಔಷಧಿ ಅಂಗಡಿಯವನು ನನಗೆ ತಲೆನೋವಿನ ಮಾತ್ರೆ ಬೇಕೇ ಎಂದು ಕೇಳಿದ.

ನಿಲ್ದಾಣದ ತಪಾಸಣೆಯಲ್ಲಿ ನನ್ನ ಕತ್ತರಿಯನ್ನು ಕಂಡು ಕಾವಲಿನವಳು ಎರಡು ಹೆಜ್ಜೆ ಹಿಂದೆ ಸರಿದಳು. ಮೊಣಕೈಯಷ್ಟು ಉದ್ದದ ಕತ್ತರಿ. ಅದನ್ನು ತೆರೆದರೆ ಅಂಗಡಿಯ ಎರಡೂ ಗೋಡೆಗೆ ತಾಗುತ್ತದೆ.

"ಇದು ಕತ್ತರಿನಾ, ಕತ್ತಿನಾ?"

"ಕಲೆ ತಾಯಿ, ಕಲೆ."

"ಕಲೆ ಇಲ್ಲೇ ಇರಲಿ. ವಾಪಸ್ ಬರೋವಾಗ ತಗೊಂಡು ಹೋಗಿ."

ಒಂದು ಚಿಕ್ಕ ಸೂಜಿಯನ್ನೂ ದಾರದ ಉಂಡೆಯನ್ನೂ ಬಿಟ್ಟಳು. ಕತ್ತರಿ ಇಲ್ಲದಿದ್ದರೇನು, ದೇವರು ಹಲ್ಲು ಕೊಟ್ಟಿದ್ದಾನೆ.

ವಿಮಾನ ಮೇಲೇರಿತು. ಹೆಂಡತಿ ಕಿಟಕಿಯ ಪಕ್ಕ, ನಾನು ನಡುವೆ, ನನ್ನ ಆಚೆಗೆ ಅಗಲ ಭುಜದ ಒಬ್ಬ ಹಲ್ಲಿನ ಡಾಕ್ಟರ್. ಬೆಲ್ಟಿನ ದೀಪ ಆರುವುದೇ ತಡ, ಕೋಟು ಬಿಚ್ಚಿ ತೊಡೆಯ ಮೇಲೆ ಹರಡಿದೆ. ಮೊದಲು ಲೈನಿಂಗು, ಆಮೇಲೆ ಕಾಲರು. ನನ್ನ ಕೈ ಓಡುತ್ತಿದ್ದ ರಭಸಕ್ಕೆ ಸೂಜಿ ಕಾದು ಕೆಂಪಗಾಗಿ, ಹಿಂದಿನ ಸಾಲಿನವರು ಅದರ ಬೆಳಕಿನಲ್ಲಿ ಪೇಪರ್ ಓದಿದರು. ಒಂದೊಂದು ಸಲ ದಾರ ಕಡಿದಾಗಲೂ ಡಾಕ್ಟರ್ ಮುಖ ಕಿವುಚುತ್ತಿದ್ದರು.

"ಯಜಮಾನ್ರೆ, ಹಲ್ಲು ಕತ್ತರಿ ಅಲ್ಲ. ಮುಂದಿನ ಹಲ್ಲಿನ ಅಂಚು ಆಗಲೇ ಸವೆದಿದೆ. ನನ್ನ ಕಣ್ಣೆದುರಿಗೇ ಹೀಗೆ ಮಾಡಿದ್ರೆ ನಾನು ಹೇಗೆ ಸುಮ್ನೆ ಕೂರ್ಲಿ?"

"ಸುಮ್ನೆ ಕೂರಬೇಡಿ ಡಾಕ್ಟ್ರೇ. ಎದ್ದು ನಿಂತು ಈ ಕೋಟು ಹಾಕ್ಕೊಳ್ಳಿ. ನಮ್ಮಕ್ಕಂದೂ ನಿಮ್ಮಷ್ಟೇ ಭುಜ."

ಪಾಪ, ಒಳ್ಳೆಯ ಮನುಷ್ಯ. ನಡುದಾರಿಯಲ್ಲಿ ನಿಂತು ಹೆಂಗಸಿನ ಕೋಟು ತೊಟ್ಟು ಕೈ ಚಾಚಿದರು. ನಾನು ಬಲತೋಳನ್ನು ಭುಜಕ್ಕೆ ಇಟ್ಟು ಅಳೆದೆ, ಕೂಡಿಸಿದೆ. ಸುತ್ತಲಿನವರು ಊಟದ ತಟ್ಟೆ ಬಿಟ್ಟು ನೋಡಿದರು. ಒಬ್ಬಾಕೆ "ಸೊಂಟ ಸ್ವಲ್ಪ ಹಿಡೀಬೇಕಿತ್ತು" ಎಂದಳು. ಇನ್ನೊಬ್ಬ ತನ್ನ ಪ್ಯಾಂಟು ಬಿಚ್ಚುವುದೊಂದು ಬಾಕಿ, "ಇದರ ಉದ್ದ ಒಂದಿಷ್ಟು ಕಡಿಮೆ ಮಾಡ್ತೀರಾ?" ಎಂದ. ನಾನು ಅಭ್ಯಾಸಬಲದಿಂದ "ನಾಳೆ ಬನ್ನಿ" ಎಂದೆ.

ಬಲತೋಳು ಮುಗಿಯಿತು. ಕೈಗಡಿಯಾರ ನೋಡಿದೆ. ಹನ್ನೆರಡೂ ಆಗಿರಲಿಲ್ಲ. ಇನ್ನೂ ನಾಲ್ಕೂವರೆ ಗಂಟೆ! ಎಡತೋಳಿಗೆ ಒಂದು ಗಂಟೆ ಹಿಡಿದರೂ ಮೂರೂವರೆ ಗಂಟೆ ಮಿಕ್ಕುತ್ತದೆ. ಕಾಲು ಚಾಚಿ ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಮಲಗಿದೆನೋ, ಹೆಂಡತಿ ಮೊಣಕೈಯಲ್ಲಿ ತಿವಿದಳು.

"ರೀ, ಏಳ್ರೀ. ಎದುರಿನ ಪರದೆ ನೋಡಿ. ಇನ್ನು ಅರ್ಧ ಗಂಟೇಲಿ ಇಳೀತೀವಿ ಅಂತ ಬರ್ತಿದೆ."

ಪರದೆಯ ಮೇಲೆ ಒಂದು ನಕ್ಷೆ, ಅದರ ಮೇಲೆ ಬೆರಳಿನಷ್ಟು ವಿಮಾನ, ಗುರಿಗೆ ಮೂಗು ತಾಗಿಸಿಕೊಂಡು ನಿಂತಿತ್ತು. ಗಗನಸಖಿಯನ್ನು ಕರೆದೆ.

"ತಂಗಿ, ನಿಮ್ಮ ಗಡಿಯಾರ ಕೆಟ್ಟಿದೆ."

"ಇಲ್ಲ ಅಂಕಲ್, ಸರಿಯಾಗಿದೆ."

"ಟಿಕೆಟ್ಟಲ್ಲಿ ಏಳೂವರೆ ಗಂಟೆ ಅಂತ ಇದೆ!"

ಅವಳು ಟಿಕೆಟ್ ನೋಡಿದಳು, ನನ್ನನ್ನು ನೋಡಿದಳು, ನಗುವನ್ನು ಕೆನ್ನೆಯಲ್ಲೇ ಹಿಡಿದಳು. "ಹೊರಡೋದು ನಿಮ್ಮೂರ ಗಡಿಯಾರ, ಇಳಿಯೋದು ಆ ಊರ ಗಡಿಯಾರ ಅಂಕಲ್. ನಾವು ಪೂರ್ವಕ್ಕೆ ಹೋಗ್ತಿದ್ದೀವಿ. ಅಲ್ಲಿ ಮೂರು ಗಂಟೆ ಮುಂದೆ. ಹಾರೋದು ನಾಲ್ಕೂವರೆ ಗಂಟೆ ಮಾತ್ರ."

"ಹಾಗಾದ್ರೆ ನನ್ನ ಮೂರು ಗಂಟೆ ಎಲ್ಲಿ ಹೋಯ್ತು?"

"ವಾಪಸ್ ಹೋಗೋವಾಗ ಸಿಗುತ್ತೆ."

ಕತ್ತರಿಯೂ ವಾಪಸ್ ಹೋಗುವಾಗ, ಗಂಟೆಯೂ ವಾಪಸ್ ಹೋಗುವಾಗ! ನನಗೆ ರೇಗಿತು. ಸಿಟ್ಟಿನಲ್ಲಿ ಪರದೆಯ ಮೇಲಿನ ಗೆರೆಗೇ ಗಂಟುಬಿದ್ದೆ. ವಿಮಾನ ಬಂದ ದಾರಿ ಬಿಲ್ಲಿನಂತೆ ಬಾಗಿತ್ತು.

"ಇದೇನು, ನಾನು ಟೇಪು ಇಟ್ಟು ನೆಟ್ಟಗೆ ಅಳೆದಿದ್ದೆ. ನಿಮ್ಮ ಪೈಲಟ್ ಯಾಕೆ ಸೊಟ್ಟಗೆ ಬಂದಿದ್ದಾನೆ?"

"ಸೊಟ್ಟಗಲ್ಲ ಅಂಕಲ್, ಇದೇ ಹತ್ತಿರದ ದಾರಿ. ಭೂಮಿ ಗುಂಡಗಿದೆಯಲ್ಲ. ಗುಂಡಗಿರೋದರ ಮೇಲೆ ನೆಟ್ಟಗಿರೋದು, ಕಾಗದದ ಮೇಲೆ ಹರಡಿದರೆ ಬಾಗಿ ಕಾಣುತ್ತೆ."

ನಾನು ಕೆಳಗೆ ನೋಡಿದೆ. ತೊಡೆಯ ಮೇಲೆ ಎಡತೋಳು ಬಿದ್ದಿತ್ತು. ಅದರ ತಲೆಯ ಭಾಗ ಗುಡ್ಡದ ಹಾಗೆ ಬಾಗಿತ್ತು. ಚಪ್ಪಟೆ ಬಟ್ಟೆಯಲ್ಲಿ ಹಾಗೆ ಬಾಗಿಸಿ ಕತ್ತರಿಸಿದರೆ ಮಾತ್ರ ಅದು ಗುಂಡನೆಯ ಭುಜದ ಮೇಲೆ ನೆಟ್ಟಗೆ ಕೂರುತ್ತದೆ. ನೆಟ್ಟಗೆ ಕತ್ತರಿಸಿದರೆ ಕಂಕುಳಲ್ಲಿ ಎಳೆಯುತ್ತದೆ. ಇಷ್ಟು ವರ್ಷ ನಾನು ಕತ್ತರಿಸಿದ್ದು ತೋಳುಗಳನ್ನಲ್ಲ, ವಿಮಾನಗಳ ದಾರಿಗಳನ್ನು! "ಅಯ್ಯೋ ತಂಗಿ, ಇದು ನಮ್ಮ ಕಸುಬೇ" ಎಂದು ಕೂಗಿದೆ. "ಭೂಮಿಗೆ ತೋಳು ಕೂರಿಸ್ತಿದ್ದೀರಿ ನೀವು!"

"ಆ ತೋಳು ಇರ್ಲಿ. ಈ ತೋಳಿಗೆ ಏನ್ ಮಾಡ್ತೀರಿ?" ಎಂದಳು ಹೆಂಡತಿ.

ಇಲ್ಲಿಗೆ ಬಂತು ನೋಡಿ ನನ್ನ ಪ್ರತಾಪ. ನಾನು ಎದ್ದು ನಿಂತೆ. "ತಂಗಿ, ಪೈಲಟ್‌ಗೆ ಹೋಗಿ ಹೇಳು. ಒಬ್ಬ ಅಕ್ಕನ ಮದುವೆ ಇದೆ. ಒಂದು ತೋಳು ಬಾಕಿ ಇದೆ. ಸ್ವಲ್ಪ ಹೊತ್ತು ಸುಮ್ನೆ ಸುತ್ತು ಹಾಕ್ತಿರಲಿ." ಅವಳು ಒಳಗೆ ಹೋದಳು. ಹೊರಗೆ ಬಂದಳು. "ಆಗಲಿ ಅಂದ್ರು. ಅವರಿಗೂ ಒಬ್ಬಳು ಅಕ್ಕ ಇದ್ದಾಳಂತೆ." ವಿಮಾನ ರೆಕ್ಕೆ ವಾಲಿಸಿತು. ಸಮುದ್ರದ ಮೇಲೆ ಒಂದು ಸುತ್ತು. ಎರಡು ಸುತ್ತು. ನಾನು ಹೊಲಿದೆ. ಡಾಕ್ಟರ್ ದಾರ ಪೋಣಿಸಿದರು. ಮುನ್ನೂರು ಜನ ಉಸಿರು ಬಿಗಿಹಿಡಿದರು. ಕೊನೆಯ ಗಂಟು ಹಾಕಿ ದಾರ ಕಡಿದೆ, "ಟಕ್" ಎಂದಿತು. ಅದೇ ಕ್ಷಣಕ್ಕೆ ಚಕ್ರಗಳು ನೆಲಕ್ಕೆ ತಾಗಿದವು. ಚಪ್ಪಾಳೆಯ ಸದ್ದಿಗೆ ನಿಲ್ದಾಣದ ಕಿಟಕಿಗಳು ಅದುರಿದವು.

ಅಕ್ಕ ಹೊರಬಾಗಿಲಲ್ಲಿ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅಪ್ಪಿಕೊಂಡಳು, ಅತ್ತಳು, ನನ್ನ ಹೊಟ್ಟೆ ಚಿವುಟಿ "ದಪ್ಪಗಾಗಿದ್ದೀಯ" ಎಂದಳು. ಕೋಟು ಹಾಕಿಕೊಂಡಳು. ಕತ್ತಿನ ಸ್ಕಾರ್ಫನ್ನು ಎಡಭುಜದ ಮೇಲೆ ಇಳಿಬಿಟ್ಟಳು. ನೆಟ್ಟಗೆ ಕಚೇರಿಗೆ ಹೋದೆವು. ನೆಗಡಿಯಾದ ಒಬ್ಬ ಅಧಿಕಾರಿ ಮೂಗು ಒರೆಸಿಕೊಳ್ಳುತ್ತ ಪುಸ್ತಕ ತೆರೆದ. ಭಾವ ಅಲ್ಲೇ ಇದ್ದ, ಹೊಸ ಅಂಗಿ, ಜೇಬಿನಲ್ಲಿ ಪೆನ್ನೇ ಇರಲಿಲ್ಲ. ಸಹಿಗೆ ಅಧಿಕಾರಿಯ ಪೆನ್ನನ್ನೇ ಕೇಳಿ ತೆಗೆದುಕೊಂಡ. ಅಕ್ಕ ಎಡಗೈಯನ್ನು ಮೈಗೆ ಒತ್ತಿ ಹಿಡಿದು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟವಳ ಹಾಗೆ ನಿಂತು, ಬಲಗೈಯಲ್ಲಿ ಸಹಿ ಹಾಕಿದಳು. ಫೋಟೋದಲ್ಲೂ ಹಾಗೆಯೇ ನಿಂತಳು. ನಾಚಿಕೆ ಎಂದುಕೊಂಡರು ಎಲ್ಲರೂ. ಆ ಕಡುನೀಲಿಯಲ್ಲಿ ಅವಳು ಎಷ್ಟು ಚೆನ್ನಾಗಿ ಕಂಡಳೆಂದರೆ ಅಧಿಕಾರಿಯ ನೆಗಡಿ ಅಲ್ಲೇ ವಾಸಿಯಾಯಿತು.

ಆಮೇಲೆ ಅಕ್ಕನ ಮನೆಯಲ್ಲಿ ಊಟ. ಮೂರನೇ ಮಹಡಿಯ ಎರಡು ಕೋಣೆ, ಪಕ್ಕದ ಮನೆಗಳಿಂದ ತಂದ ಒಂದಕ್ಕೊಂದು ಹೊಂದದ ಕುರ್ಚಿಗಳು, ಕಿಟಕಿಯ ಬಳಿ ಅವಳ ಮೆಷಿನ್ನಿನ ಮೇಲೆ ಕೇಕು. ಸಮವಸ್ತ್ರದ ಕೋಣೆಯ ಹೆಂಗಸರು, ಗೋಪುರದಲ್ಲಿ ಭಾವನ ಜೊತೆ ಕೆಲಸ ಮಾಡುವವರು, ಎಲ್ಲ ಸೇರಿ ಮನೆ ಗಿಜಿಗಿಜಿ. ಯಾರೋ ಅಕ್ಕನ ಕೋಟು ಮುಟ್ಟಿ "ಎಂಥ ಕೈ!" ಎಂದರು. ಅಷ್ಟು ಸಾಕಾಯಿತು ನನಗೆ. ತಟ್ಟೆ ಕೆಳಗಿಟ್ಟು ಶುರುಮಾಡಿದೆ. ಕೆಂಪಗೆ ಕಾದ ಸೂಜಿ, ಕೋಟು ತೊಟ್ಟ ಡಾಕ್ಟರ್, ಭೂಮಿಯ ತೋಳು, ಪೈಲಟ್‌ನ ಅಕ್ಕ, ಎರಡು ಸುತ್ತು. ಎರಡು ಸುತ್ತು ಹೇಳುವಾಗ ಉತ್ಸಾಹಕ್ಕೆ ನಾಲ್ಕಾಯಿತು. ಹೆಂಡತಿ ಕೇಕಿನ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿದ್ದಳು. ಅಕ್ಕ ಒಂದೇ ಕೈಯಲ್ಲಿ ಊಟ ಮಾಡುತ್ತಿದ್ದಳು.

ಭಾವ ನಿಧಾನಕ್ಕೆ ಅಗಿಯುತ್ತ ಪೂರ್ತಿ ಕೇಳಿದ.

"ಭಾವಮೈದ, ನೀವು ಬಂದಿದ್ದು ನಾಲ್ಕೂವರೆ ವಿಮಾನ ಅಲ್ವಾ?"

"ಹೌದು ಭಾವ, ಅದೇ!"

"ಅದು ಒಂದು ಸುತ್ತೂ ಹಾಕ್ಲಿಲ್ವಲ್ಲ."

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರೆ. ವಿಮಾನಗಳನ್ನು ಇಳಿಸುವವನ ಮನೆಯಲ್ಲಿ ಕೂತು ವಿಮಾನದ ಕಥೆ ಹೇಳಿದವನು ನಾನು.

"ನಿಮ್ಮಕ್ಕ ಮಧ್ಯಾಹ್ನದಿಂದ ಬಾಗಿಲಿಗೂ ಕಿಟಕಿಗೂ ಓಡಾಡ್ತಿದ್ಲು" ಎಂದ ಭಾವ, ತಪ್ಪು ಹುಡುಕುವ ದನಿಯಲ್ಲಲ್ಲ, ಸುಮ್ಮನೆ ನೆನಪು ಮಾಡಿಕೊಳ್ಳುವವನ ಹಾಗೆ. "ಅದಕ್ಕೆ ಗೋಪುರಕ್ಕೆ ಫೋನ್ ಮಾಡಿ ಕೇಳಿದೆ. ಹಿಂದಿನಿಂದ ಗಾಳಿ ಚೆನ್ನಾಗಿ ತಳ್ತಾ ಇದೆ, ನೆಟ್ಟಗೆ ಬಂದು ಇಳಿಯುತ್ತೆ ಅಂದ್ರು. ಹೇಳಿದ ಹೊತ್ತಿಗಿಂತ ಹದಿನೆಂಟು ನಿಮಿಷ ಮುಂಚೆನೇ ಇಳೀತು."

ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಚಮಚ ಎತ್ತಿದಳು. "ಹೌದೌದು. ನಾನೇ ಇಳಿಸಿದ್ದು."

ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಬೀಳಲು ನನ್ನ ಬಳಿ ಸೂಜಿಯೂ ಇರಲಿಲ್ಲ. ಅಷ್ಟು ಹೊತ್ತು ತಡೆದಿದ್ದ ನನ್ನ ಹೆಂಡತಿ ಮೊದಲು ನಕ್ಕಳು. ಕೇಕಿನ ಚೂರು ಮೂಗಿಗೆ ಹತ್ತಿ ಕೆಮ್ಮಿ ಕೆಮ್ಮಿ ನಕ್ಕಳು.

"ಹಾಗಾದ್ರೆ ಆ ತೋಳು ಹೊಲಿದಿದ್ದು ಯಾವಾಗ?" ಎಂದು ಸಮವಸ್ತ್ರದ ಕೋಣೆಯವಳೊಬ್ಬಳು ಕೇಳಿದಳು. ಎಲ್ಲರ ಕಣ್ಣೂ ಅಕ್ಕನ ಭುಜಕ್ಕೆ.

ತಮ್ಮನನ್ನು ಬಿಟ್ಟುಕೊಡದ ಅಕ್ಕ ಅವಳು. "ಏ, ಬಿಡ್ರೇ ಅತ್ಲಾಗೆ! ಯಾವಾಗಾದ್ರೂ ಹೊಲಿದಿರ್ತಾನೆ, ನಿಮಗ್ಯಾಕೆ?" ಎಂದು ಜೋರಾಗಿ ಕೈ ಬೀಸಿದಳು. ಮದುವೆಯ ಹೊತ್ತಿನಿಂದ ಮೈಗೆ ಒತ್ತಿ ಹಿಡಿದಿದ್ದ ಎಡಗೈಯನ್ನೇ ಬೀಸಿದಳು.

ಟರ್ರೆಂದಿತು. ಬಿಳಿಯ ಕಚ್ಚಾ ಹೊಲಿಗೆ ಭುಜದ ಸುತ್ತಲೂ ಬಿಚ್ಚಿಕೊಂಡು, ತೋಳು ಜಾರಿ ಅವಳ ಮಣಿಕಟ್ಟಿಗೆ ಬಂದು ಬಳೆಯ ಹಾಗೆ ಕೂತಿತು.

ಆಗ ಎದ್ದ ನಗುವನ್ನು ನಾನು ಉತ್ಪ್ರೇಕ್ಷೆ ಮಾಡಬೇಕಾಗಿಲ್ಲ. ಕೆಳಗಿನ ಮಹಡಿಯವರು ಏನಾಯಿತೆಂದು ಮೇಲೆ ಬಂದರು. ಚಮಚದವಳು ನೆಲಕ್ಕೆ ಕೂತುಬಿಟ್ಟಳು. ಭಾವ ಅಕ್ಕನ ಬರಿಯ ಕೈ ಹಿಡಿದುಕೊಂಡು, "ಸಹಿ ಹಾಕಿದಾಗಿಂದ ನಿನ್ನ ಕೈ ನೋಯ್ತಿದೆ ಅಂದ್ಕೊಂಡು ನಾನು ಎಣ್ಣೆ ಬೇರೆ ತಂದಿಟ್ಟಿದ್ದೆ ಕಣೇ!" ಎಂದು ಕಣ್ಣೊರೆಸಿಕೊಂಡ. ಅಕ್ಕ ನಗುತ್ತ, ಅಳುತ್ತ, ತನ್ನ ಚೀಲದಿಂದ ಸೂಜಿ ತೆಗೆದಳು. ನೀಲಿ ದಾರ ಪೋಣಿಸಿದ್ದೇ ಇತ್ತು. ನನ್ನ ಕಡೆ ಚಾಚಿದಳು.

"ಹಿಡಿ. ಇಲ್ಲೇ, ಈಗ್ಲೇ. ನಾಳೆ ಅಂದ್ಯೋ, ನೋಡು."

ಈಗ ನಿಜ ಹೇಳುತ್ತೇನೆ. ಇಷ್ಟು ಜನ ನೋಡಿದ ಮೇಲೆ ಇನ್ನೇನು ಮುಚ್ಚುವುದು.

ವಿಮಾನ ನಿಲ್ಲಲಿಲ್ಲ. ಪೈಲಟ್‌ಗೆ ಅಕ್ಕ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಗಗನಸಖಿ ಒಳಗೆ ಹೋಗಲೇ ಇಲ್ಲ. "ಬೆಲ್ಟ್ ಹಾಕ್ಕೊಳ್ಳಿ ಅಂಕಲ್" ಎಂದು ಕೋಟನ್ನು ಮಡಿಚಿ ಮೇಲಿನ ಪೆಟ್ಟಿಗೆಗೆ ಹಾಕಿದಳು. ಆ ಹೊತ್ತಿಗೆ ಎಡತೋಳಿಗೆ ಬಿದ್ದಿದ್ದದ್ದು ಬಿಳಿ ದಾರದ ಕಚ್ಚಾ ಹೊಲಿಗೆ ಮಾತ್ರ. ಅದನ್ನು ಹಾಕಿದ್ದು ನಾನು ಮಲಗಿದ್ದಾಗ ನನ್ನ ಹೆಂಡತಿ. ಇಳಿಯುವ ಕುಲುಕಿಗೆ ಸೂಜಿ ಸೀಟಿನ ಕೆಳಗೆ ಬಿತ್ತು. ಸಿಗಲಿಲ್ಲ. ಚಪ್ಪಾಳೆ ಯಾರೂ ತಟ್ಟಲಿಲ್ಲ. ಡಾಕ್ಟರ್ ಕೋಟು ಹಾಕಿಕೊಂಡದ್ದು ಮಾತ್ರ ಸತ್ಯ, ಬೇಕಾದರೆ ಅವರನ್ನು ಕೇಳಿ.

ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತೇ ಗಂಟೆ ಕಳೆಯಿತು. ಟ್ಯಾಕ್ಸಿಯಲ್ಲಿ ಹತ್ತು ನಿಮಿಷ ಉಳಿದಿತ್ತು. ನಾನು ಕೋಟನ್ನು ಅಕ್ಕನ ಮಡಿಲಿಗೆ ಹಾಕಿ, ತಲೆ ತಗ್ಗಿಸಿ ಹೇಳಿದೆ: "ಹತ್ತು ನಿಮಿಷದಲ್ಲಿ ನನ್ನ ಕೈಲಿ ಆಗಲ್ಲ ಅಕ್ಕ. ನಿನ್ನ ಕೈಲಿ ಆಗುತ್ತೆ. ನೀನೇ ಹೊಲಿದುಬಿಡು." ಅವಳು ಚೀಲದಲ್ಲಿದ್ದ ಸೂಜಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. "ಹೊಲಿಯಲ್ಲ" ಎಂದಳು. "ಇವತ್ತು ಹೊಲಿಯಲ್ಲ. ಹೀಗೇ ಹಾಕ್ಕೋತೀನಿ. ಕೈ ಎತ್ತಲ್ಲ, ಅಷ್ಟೇ. ನೀನೂ ಯಾರಿಗೂ ಹೇಳಬೇಡ." ಹೇಳಬೇಡ ಎಂದವಳ ಎದುರಿಗೇ ನಾನು ಊರಿಗೆಲ್ಲ ಕಥೆ ಕಟ್ಟಿ ಹೇಳಿದೆ.

ಎಡತೋಳು ಹೊಲಿದದ್ದು ನೆಲದ ಮೇಲೆ, ಮೂರನೇ ಮಹಡಿಯಲ್ಲಿ, ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೆಂಡತಿಯ ಕನ್ನಡಕ ಹಾಕಿಕೊಂಡು. ಅಕ್ಕ ಕೋಟು ಬಿಚ್ಚಲಿಲ್ಲ. ಮೈಮೇಲೆ ಇದ್ದ ಹಾಗೆಯೇ ಹೊಲಿಸಿಕೊಂಡಳು. ಅವಳು ಬಲಗೈಯಲ್ಲಿ ಕೇಕು ತಿನ್ನುತ್ತ, "ಹೊಲಿಗೆ ಹತ್ತಿರ ಹತ್ತಿರ ಹಾಕು, ಕಳ್ಳ" ಎನ್ನುತ್ತಿದ್ದಳು. ಭಾವ ದೀಪ ಹಿಡಿದ. ಒಂದು ಸಲ ಚುಚ್ಚಿದೆ, ಬೈದಳು. ಸೂಜಿಯನ್ನು ಮಾತ್ರ ಒಂದು ಸಲವೂ ಮುಟ್ಟಲಿಲ್ಲ.

ನನ್ನ ಸೂಜಿ ಎಂದೂ ಕಾದು ಕೆಂಪಗಾದದ್ದಿಲ್ಲ. ತೋಳಿಗೆ ಒಂದು ಗಂಟೆ ಎಂದಿದ್ದೆನಲ್ಲ, ಎರಡು ಹಿಡಿಯಿತು. ಹದಿನೆಂಟು ನಿಮಿಷ ಮುಂಚೆ ಇಳಿಯಿತು ಎಂದು ಭಾವ ಹೇಳಿದ ಎಂದೆನಲ್ಲ, ಭಾವ ಹೇಳಿದ್ದು ಹನ್ನೆರಡು. ಆರು ನಾನು ಸೇರಿಸಿದ್ದು.